ಬೇರನ್ನು ಪರೀಕ್ಷೆಗೆ ಕೂರಿಸಿದ ಹಕೀಮರು: ಹಕೀಮ್ ಅಜ್ಮಲ್ ಖಾನ್



ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಸಾಧಕರ ಜೀವನ ಚರಿತ್ರೆಯೊಂದನ್ನು ಬರೆದುಕೊಡಿ ಎಂದು ನಮ್ಮ ಕನ್ನಡ ಮೇಡಂ ಹೇಳಿದಾಗ, ಕಾಮರ್ಸ್‌ನವಳಾದ ನಾನು ಯಾವುದಾದರೂ ದೊಡ್ಡ ಉದ್ಯಮಿಯ ಬಗ್ಗೆ ಬರೆಯುತ್ತೇನೆ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನು ಮಾತ್ರ ಒಬ್ಬ ಹಕೀಮರ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ನಡೆದ ಒಂದು ಘಟನೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಮ್ಮ ಮನೆ ನಂಜನಗೂಡಿನಲ್ಲಿ. ಅಬ್ಬಾನ ತಂದೆ, ಅಂದರೆ ನನ್ನ ದಾದಾ, ಇರುವುದು ತಿ. ನರಸೀಪುರದಲ್ಲಿ. ಅಲ್ಲಿ ಅವರದೊಂದು ಚಿಕ್ಕ ದಿನಸಿ ಅಂಗಡಿ ಇದೆ. ದಾದಾಗೆ ಬಿ.ಪಿ. ಇದೆ, ಹಲವು ವರ್ಷಗಳಿಂದ ಮಾತ್ರೆ ನುಂಗುತ್ತಿದ್ದರು. ಕಳೆದ ವರ್ಷ ಯಾರೋ ಒಬ್ಬರು ಬೇರಿನ ಪುಡಿ ಕೊಟ್ಟು, ಇದು ಹಳೇ ಕಾಲದ ಹಕೀಮರ ಔಷಧಿ, ಇದನ್ನು ತಿಂದರೆ ಮಾತ್ರೆಯೇ ಬೇಡ ಎಂದು ಹೇಳಿದರು. ದಾದಾ ನಂಬಿದರು. ಮಾತ್ರೆ ಬಿಟ್ಟು ದಿನಾ ಒಂದು ಚಮಚ ಪುಡಿ ತಿಂದರು. ಮೂರನೇ ವಾರ ಅಂಗಡಿಯಲ್ಲಿ ಅಕ್ಕಿ ತೂಗುತ್ತಿದ್ದಾಗ ತಲೆ ಸುತ್ತಿ ಬಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ್ದು ಎರಡೇ ಪ್ರಶ್ನೆ. ಏನು ತಿಂದಿರಿ? ಎಷ್ಟು ತಿಂದಿರಿ? ಯಾವ ಬೇರು ಎಂದು ನಮಗೆ ಗೊತ್ತಿರಲಿಲ್ಲ. ಚಮಚ ಎಷ್ಟು ದೊಡ್ಡದು ಎಂದೂ ಯಾರೂ ನೋಡಿರಲಿಲ್ಲ. ಅಲ್ಲಾಹನ ದಯೆಯಿಂದ ದಾದಾ ನಾಲ್ಕು ದಿನಕ್ಕೆ ಚೇತರಿಸಿಕೊಂಡು ಮನೆಗೆ ಬಂದರು. ಆದರೆ ಆ ಎರಡು ಪ್ರಶ್ನೆಗಳು ನನ್ನ ತಲೆಯಲ್ಲೇ ಉಳಿದವು.

ಮನೆಗೆ ಬಂದ ಮೇಲೆ ದೊಡ್ಡ ವಾದವೇ ನಡೆಯಿತು. ಚಾಚಾನ ಮಗಳು, ನಾನು ಆಪಾ ಎಂದು ಕರೆಯುವವಳು, ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಪರೀಕ್ಷೆ ಮಾಡದ ಔಷಧಿ ತಿನ್ನಬಾರದು ದಾದಾ ಎಂದಳು. ದಾದಾಗೆ ಸಿಟ್ಟು ಬಂತು. ನಮ್ಮ ಹಿರಿಯ ಹಕೀಮರೆಲ್ಲ ಯಾವ ಲ್ಯಾಬಿಗೆ ಹೋಗಿದ್ದರು, ಅವರಿಗಿಂತ ನೀನು ಹೆಚ್ಚು ತಿಳಿದವಳಾ ಎಂದು ಕೇಳಿದರು. ಆಪಾ ಸುಮ್ಮನಾದಳು. ಉತ್ತರ ಹುಡುಕಲು ಹೊರಟವಳು ನಾನು. ಹುಡುಕಿದಾಗ ಸಿಕ್ಕವರೇ ಹಕೀಮ್ ಅಜ್ಮಲ್ ಖಾನ್.

ಅಜ್ಮಲ್ ಖಾನ್ ಹುಟ್ಟಿದ್ದು 1868ರ ಫೆಬ್ರವರಿ 11ರಂದು, ದೆಹಲಿಯಲ್ಲಿ. ಅವರ ಮನೆತನವನ್ನು ಶರೀಫಿ ಖಾಂದಾನ್ ಎಂದು ಕರೆಯುತ್ತಿದ್ದರು. ಮೊಘಲ್ ಬಾದಶಹರ ಕಾಲದಿಂದಲೂ ಅದು ವೈದ್ಯರ ಮನೆತನ. ದೆಹಲಿಯ ಬಲ್ಲಿಮಾರಾನ್ ಬೀದಿಯಲ್ಲಿದ್ದ ಶರೀಫ್ ಮಂಜಿಲ್ ಎಂಬ ಅವರ ಮನೆಗೆ ಊರೂರುಗಳಿಂದ ರೋಗಿಗಳು ಬರುತ್ತಿದ್ದರು. ಬಾಲಕ ಅಜ್ಮಲ್ ಮೊದಲು ಕುರ್‌ಆನ್ ಕಂಠಪಾಠ ಮಾಡಿ ಹಾಫಿಜ್ ಆದರು. ಅರಬ್ಬಿ, ಪಾರ್ಸಿ ಕಲಿತರು. ನಂತರ ಮನೆಯ ಹಿರಿಯರಿಂದಲೇ ಯುನಾನಿ ವೈದ್ಯ ಕಲಿತರು. ನಾಡಿ ಹಿಡಿದು ರೋಗ ಹೇಳುವುದರಲ್ಲಿ ಅವರ ಕೈ ಬಲು ಪಳಗಿತ್ತಂತೆ.

1892ರಲ್ಲಿ ಅವರು ರಾಂಪುರದ ನವಾಬರ ಮುಖ್ಯ ಹಕೀಮರಾದರು. ಸುಮಾರು ಹತ್ತು ವರ್ಷ ಅಲ್ಲಿದ್ದರು. ರಾಂಪುರದ ಅರಮನೆಯ ದೊಡ್ಡ ಗ್ರಂಥಾಲಯದಲ್ಲಿ ಹಳೆಯ ಹಸ್ತಪ್ರತಿಗಳನ್ನು ಓದುವ ಭಾಗ್ಯವೂ ಸಿಕ್ಕಿತು. ಅಲ್ಲೇ ಇದ್ದಿದ್ದರೆ ಆರಾಮವಾಗಿ ಜೀವನ ಕಳೆಯಬಹುದಿತ್ತು. ಆದರೆ ಅವರು ದೆಹಲಿಗೆ ಮರಳಿದರು. ಅವರ ಅಣ್ಣ ಹಕೀಮ್ ಅಬ್ದುಲ್ ಮಜೀದ್ ಖಾನ್ ದೆಹಲಿಯಲ್ಲಿ ಮದರಸಾ ತಿಬ್ಬಿಯಾ ಎಂಬ ವೈದ್ಯ ಶಾಲೆ ಕಟ್ಟಿದ್ದರು. ಅಣ್ಣಂದಿರ ನಂತರ ಅದನ್ನು ನಡೆಸುವ ಹೊಣೆ ಅಜ್ಮಲ್ ಖಾನರ ಹೆಗಲಿಗೆ ಬಂತು.

ಇಲ್ಲಿಂದ ನನ್ನಂಥ ಕಾಮರ್ಸ್‌ನವರಿಗೆ ಇಷ್ಟವಾಗುವ ವಿಷಯ ಬರುತ್ತದೆ. ರಾಜರು, ಶ್ರೀಮಂತರು ತಮ್ಮ ಊರಿಗೆ ಕರೆಸಿಕೊಂಡರೆ ಹಕೀಮರು ದಿನಕ್ಕೆ ಒಂದು ಸಾವಿರ ರೂಪಾಯಿ ಶುಲ್ಕ ತೆಗೆದುಕೊಳ್ಳುತ್ತಿದ್ದರು ಎನ್ನುತ್ತಾರೆ. ಆ ಕಾಲದ ಸಾವಿರ ರೂಪಾಯಿ ಎಂದರೆ ಊಹಿಸಿಕೊಳ್ಳಿ. ಆದರೆ ಅದೇ ರೋಗಿ ದೆಹಲಿಯ ಅವರ ಮನೆಬಾಗಿಲಿಗೆ ಬಂದರೆ, ಬಡವನಾಗಲಿ ಶ್ರೀಮಂತನಾಗಲಿ, ಕಾಸು ಕೇಳುತ್ತಿರಲಿಲ್ಲ. ಹಿಂದೂಸ್ತಾನಿ ದವಾಖಾನಾ ಎಂಬ ಔಷಧ ತಯಾರಿಕಾ ಸಂಸ್ಥೆಯನ್ನೂ ಆರಂಭಿಸಿದರು. ಅಲ್ಲಿ ಔಷಧಿಗಳನ್ನು ಒಂದು ಕ್ರಮಕ್ಕೆ ಒಳಪಡಿಸಿ ತಯಾರಿಸಿ ಮಾರಲಾಗುತ್ತಿತ್ತು. ಅದರ ಲಾಭ ಹೋಗುತ್ತಿದ್ದುದು ವೈದ್ಯ ವಿದ್ಯಾಲಯಕ್ಕೆ. ಮಾರಾಟ, ಲಾಭ, ಸೇವೆ ಈ ಮೂರನ್ನೂ ಒಂದೇ ಖಾತೆಯಲ್ಲಿ ಕೂಡಿಸಿದ ಲೆಕ್ಕ ಅದು.

1909ರಲ್ಲಿ ಅವರು ಹೆಣ್ಣುಮಕ್ಕಳಿಗಾಗಿ ಪ್ರತ್ಯೇಕ ವೈದ್ಯ ಶಾಲೆ ತೆರೆದರು. ಅಲ್ಲಿ ಸೂಲಗಿತ್ತಿಯರಿಗೆ ತರಬೇತಿ ಕೊಡುತ್ತಿದ್ದರು. ಪರ್ದಾ ಪದ್ಧತಿ ಬಿಗಿಯಾಗಿದ್ದ ಆ ದಿನಗಳಲ್ಲಿ ಎಷ್ಟೋ ತಾಯಂದಿರು ಗಂಡಸು ವೈದ್ಯರ ಬಳಿ ಹೋಗಲಾಗದೆ ಹೆರಿಗೆಯಲ್ಲಿ ಸಾಯುತ್ತಿದ್ದರು. ನಮ್ಮ ಕಾಲೇಜಿನ ಹುಡುಗಿಯರು ಈ ಒಂದು ಸಂಗತಿಯನ್ನಾದರೂ ನೆನಪಿಟ್ಟುಕೊಳ್ಳಬೇಕು.

ಅದೇ ಸುಮಾರಿಗೆ ಬ್ರಿಟಿಷ್ ಸರ್ಕಾರ ಇಂಗ್ಲಿಷ್ ವೈದ್ಯ ಕಲಿತವರನ್ನು ಮಾತ್ರ ನೋಂದಾಯಿಸುವ ಕಾನೂನು ತರಲು ಹೊರಟಿತು. ಹಾಗಾದರೆ ಹಕೀಮರೂ ವೈದ್ಯರೂ ಬೀದಿಗೆ ಬೀಳುತ್ತಿದ್ದರು. ಅಜ್ಮಲ್ ಖಾನ್ ಯುನಾನಿಯವರನ್ನು ಮಾತ್ರ ಕರೆಯಲಿಲ್ಲ, ಆಯುರ್ವೇದ ಪಂಡಿತರನ್ನೂ ಕರೆದು ಒಂದೇ ವೇದಿಕೆಯಲ್ಲಿ ಕೂರಿಸಿದರು. ಇಬ್ಬರೂ ಸೇರಿ ಸರ್ಕಾರದೊಂದಿಗೆ ವಾದಿಸಿದರು. ಆದರೆ ತಮ್ಮವರಿಗೂ ಅವರು ಕಹಿ ಮಾತು ಹೇಳದೆ ಬಿಡಲಿಲ್ಲ. ಹಳೆಯ ಪುಸ್ತಕದಲ್ಲಿದೆ ಎಂದ ಮಾತ್ರಕ್ಕೆ ಸಾಲದು, ಹಕೀಮರೂ ಶರೀರ ರಚನೆ, ಶಸ್ತ್ರಚಿಕಿತ್ಸೆ ಕಲಿಯಬೇಕು, ಔಷಧಿಗಳನ್ನು ಪರೀಕ್ಷಿಸಬೇಕು ಎಂಬುದು ಅವರ ನಿಲುವು. ಇದನ್ನು ಒಪ್ಪದ ಹಕೀಮರೂ ಇದ್ದರು.

1911ರಲ್ಲಿ ಅವರು ಯುರೋಪಿಗೆ ಹೋಗಿ ಅಲ್ಲಿನ ಆಸ್ಪತ್ರೆ, ಗ್ರಂಥಾಲಯ, ವೈದ್ಯ ಕಾಲೇಜುಗಳನ್ನು ನೋಡಿದರು. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಆಗ ಡಾ. ಎಂ. ಎ. ಅನ್ಸಾರಿ ಕೆಲಸ ಮಾಡುತ್ತಿದ್ದರು. ಅಲ್ಲಿ ನಡೆಯಿತೆಂದು ಹೇಳುವ ಒಂದು ಪ್ರಸಂಗ ಬಹಳ ಪ್ರಸಿದ್ಧ. ಒಬ್ಬ ರೋಗಿಗೆ ಪಿತ್ತಕೋಶದ ತೊಂದರೆ ಎಂದು ಅಲ್ಲಿನ ಹಿರಿಯ ಶಸ್ತ್ರವೈದ್ಯರು ಹೇಳಿದರಂತೆ. ನಾಡಿ ನೋಡಿದ ಹಕೀಮರು ಕರುಳಿನ ಮೇಲ್ಭಾಗದಲ್ಲಿ ಹುಣ್ಣಿದೆ ಎಂದರಂತೆ. ಮರುದಿನ ಹೊಟ್ಟೆ ಕೊಯ್ದು ನೋಡಿದಾಗ ಹಕೀಮರ ಮಾತೇ ನಿಜವಾಯಿತಂತೆ. ಈ ಕಥೆ ಕೇಳಿದವರೆಲ್ಲ ನಮ್ಮ ಹಕೀಮರು ಗೆದ್ದರು ಎಂದು ಹೆಮ್ಮೆ ಪಡುತ್ತಾರೆ. ನನಗೂ ಹೆಮ್ಮೆಯೇ. ಆದರೆ ನಾನು ಗಮನಿಸಿದ್ದು ಬೇರೆ. ಹಕೀಮರು ತಮ್ಮ ಮಾತನ್ನು ಪರೀಕ್ಷೆಗೆ ಒಡ್ಡಲು ಹೆದರಲಿಲ್ಲ. ಕೊಯ್ದು ನೋಡಬಹುದು ಎಂಬಲ್ಲಿ ಧೈರ್ಯವಾಗಿ ಹೇಳಿದರು. ತಪ್ಪಾಗಿದ್ದರೆ ಎಲ್ಲರ ಎದುರು ತಪ್ಪಾಗುತ್ತಿತ್ತು.

ದೇಶಕ್ಕೆ ಮರಳಿದ ಮೇಲೆ ದೊಡ್ಡ ಕಾಲೇಜು ಕಟ್ಟುವ ಕೆಲಸಕ್ಕೆ ಇಳಿದರು. ನವಾಬರು, ರಾಜರು, ಸಾಮಾನ್ಯರು ಎಲ್ಲರಿಂದಲೂ ಹಣ ಕೂಡಿಸಿದರು. 1916ರ ಮಾರ್ಚ್ 29ರಂದು ದೆಹಲಿಯ ಕರೋಲ್‌ಬಾಗ್‌ನಲ್ಲಿ ಆಯುರ್ವೇದಿಕ್ ಮತ್ತು ಯುನಾನಿ ತಿಬ್ಬಿಯಾ ಕಾಲೇಜಿಗೆ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅಡಿಗಲ್ಲು ಹಾಕಿದರು. ಕಟ್ಟಡ ಮುಗಿದು 1921ರ ಫೆಬ್ರವರಿ 13ರಂದು ಅದನ್ನು ಉದ್ಘಾಟಿಸಿದವರು ಮಹಾತ್ಮ ಗಾಂಧೀಜಿ. ಅಡಿಗಲ್ಲು ವೈಸರಾಯರದು, ಉದ್ಘಾಟನೆ ಗಾಂಧೀಜಿಯದು. ನಡುವಿನ ಐದು ವರ್ಷದಲ್ಲಿ ದೇಶವೂ ಬದಲಾಗಿತ್ತು, ಹಕೀಮರೂ ಬದಲಾಗಿದ್ದರು.

ಸರ್ಕಾರ ಅವರಿಗೆ 1908ರಲ್ಲಿ ಹಾಜಿಕ್-ಉಲ್-ಮುಲ್ಕ್ ಎಂಬ ಬಿರುದು ಕೊಟ್ಟಿತ್ತು, ನಂತರ ಕೈಸರ್-ಎ-ಹಿಂದ್ ಪದಕವನ್ನೂ ಕೊಟ್ಟಿತ್ತು. ಅಸಹಕಾರ ಚಳವಳಿ ಶುರುವಾದಾಗ 1920ರಲ್ಲಿ ಅವೆರಡನ್ನೂ ವಾಪಸು ಮಾಡಿದರು. ಆಗ ಜನರೇ ಅವರಿಗೆ ಮಸೀಹ್-ಉಲ್-ಮುಲ್ಕ್ ಎಂಬ ಬಿರುದು ಕೊಟ್ಟರು. ನಾಡಿನ ರೋಗ ಗುಣಪಡಿಸುವವರು ಎಂದು ಅದರ ಭಾವ. 1920ರ ಅಕ್ಟೋಬರ್ 29ರಂದು ಅಲಿಗಢದಲ್ಲಿ ಜಾಮಿಯಾ ಮಿಲಿಯಾ ಇಸ್ಲಾಮಿಯಾ ಆರಂಭವಾಯಿತು. ಅದರ ಮೊದಲ ಕುಲಪತಿ ಇವರೇ. 1925ರಲ್ಲಿ ಹಣವಿಲ್ಲದೆ ಆ ಸಂಸ್ಥೆ ಮುಚ್ಚುವ ಸ್ಥಿತಿ ಬಂದಾಗ ದೆಹಲಿಗೆ ಕರೆತಂದು, ಕೈಯಿಂದ ಹಣ ಹಾಕಿ ಉಳಿಸಿದರು. 1921ರ ಡಿಸೆಂಬರ್‌ನಲ್ಲಿ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನಕ್ಕೆ ಆರಿಸಲಾಗಿದ್ದ ಚಿತ್ತರಂಜನ್ ದಾಸ್ ಜೈಲಿನಲ್ಲಿದ್ದುದರಿಂದ ಅಧ್ಯಕ್ಷತೆ ವಹಿಸಿದವರೂ ಇವರೇ. ಹಿಂದೂ-ಮುಸ್ಲಿಂ ಐಕ್ಯ ಅವರ ಉಸಿರಾಗಿತ್ತು. ಇಷ್ಟರ ನಡುವೆ ಶೈದಾ ಎಂಬ ಹೆಸರಿನಲ್ಲಿ ಉರ್ದು, ಪಾರ್ಸಿ ಕವಿತೆಗಳನ್ನೂ ಬರೆಯುತ್ತಿದ್ದರು.

ಈಗ ಬೇರಿನ ವಿಷಯಕ್ಕೆ ಬರುತ್ತೇನೆ. ನಾವು ಸರ್ಪಗಂಧ ಎನ್ನುವ ಗಿಡವನ್ನು ಯುನಾನಿಯಲ್ಲಿ ಅಸ್ರೋಲ್ ಎನ್ನುತ್ತಾರೆ. ಅದರ ಬೇರನ್ನು ನಿದ್ರೆ ಬಾರದವರಿಗೆ, ಮನಸ್ಸು ಕೆಟ್ಟವರಿಗೆ, ಹಾವು ಕಚ್ಚಿದವರಿಗೆ ಕೊಡುವ ರೂಢಿ ಶತಮಾನಗಳಿಂದ ಇತ್ತು. ಅದು ಕೆಲಸ ಮಾಡುತ್ತದೆ ಎಂಬುದು ಹಕೀಮರಿಗೆ ಅನುಭವದಿಂದ ಗೊತ್ತಿತ್ತು. ಆದರೆ ಬೇರಿನೊಳಗಿನ ಯಾವ ವಸ್ತು ಕೆಲಸ ಮಾಡುತ್ತದೆ? ಇದಕ್ಕೆ ಉತ್ತರ ಬೇಕೆಂದು ಅಜ್ಮಲ್ ಖಾನ್ ತಿಬ್ಬಿಯಾ ಕಾಲೇಜಿನಲ್ಲೇ ಸಂಶೋಧನಾ ವಿಭಾಗ ತೆರೆಯಲು ನಿರ್ಧರಿಸಿದರು. ಅದಕ್ಕೆ ಅವರು ಆರಿಸಿದ್ದು ಒಬ್ಬ ಹಕೀಮರನ್ನಲ್ಲ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ 1927ರಲ್ಲಿ ಡಾಕ್ಟರೇಟ್ ಪಡೆದ ಸಲೀಮುಜ್ಜಮಾನ್ ಸಿದ್ದೀಖಿ ಎಂಬ ಯುವ ರಸಾಯನಶಾಸ್ತ್ರಜ್ಞರನ್ನು.

ಆದರೆ ಫಲಿತಾಂಶ ನೋಡುವ ಭಾಗ್ಯ ಹಕೀಮರಿಗೆ ಇರಲಿಲ್ಲ. 1927ರ ಡಿಸೆಂಬರ್ 29ರಂದು ಅವರು ತೀರಿಕೊಂಡರು. ವಯಸ್ಸು ಅರವತ್ತೂ ತುಂಬಿರಲಿಲ್ಲ. ಅವರ ಸಮಾಧಿ ದೆಹಲಿಯಲ್ಲಿದೆ.

ಕೆಲಸ ಮಾತ್ರ ನಿಲ್ಲಲಿಲ್ಲ. ಸಿದ್ದೀಖಿಯವರು ಬೇರನ್ನು ಪುಡಿ ಮಾಡಿ, ದ್ರಾವಕಗಳಲ್ಲಿ ಸಾರ ತೆಗೆದು, ಒಂದೊಂದೇ ವಸ್ತುವನ್ನು ಬೇರ್ಪಡಿಸುತ್ತಾ ಹೋದರು. 1931ರಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಸರ್ಪಗಂಧದ ಬೇರಿನಲ್ಲಿ ಆಲ್ಕಲಾಯ್ಡ್ ಎಂಬ ವರ್ಗದ ಹಲವು ವಸ್ತುಗಳು ಸಿಕ್ಕಿದ್ದವು. ಅವುಗಳಲ್ಲಿ ಒಂದಕ್ಕೆ ಅವರು ಅಜ್ಮಲೀನ್ ಎಂದು ಹೆಸರಿಟ್ಟರು. ತಮ್ಮನ್ನು ಕರೆದು ಕೆಲಸ ಕೊಟ್ಟ ಹಕೀಮರ ನೆನಪಿಗೆ. ಹಕೀಮರ ಹೆಸರಿನ ಆ ವಸ್ತುವನ್ನು ಇಂದಿಗೂ ಹೃದಯದ ಬಡಿತದ ಒಂದು ಅಡಗಿದ ದೋಷವನ್ನು ಪತ್ತೆ ಹಚ್ಚಲು ವೈದ್ಯರು ಬಳಸುತ್ತಾರೆ.

ಅದೇ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ರೆಸರ್ಪೀನ್ ಎಂಬ ಇನ್ನೊಂದು ವಸ್ತುವನ್ನು ಬೇರ್ಪಡಿಸಿದರು. ಅದು ಬಿ.ಪಿ. ಇಳಿಸುತ್ತದೆ. ಅದಕ್ಕೆ ಮೊದಲೇ, 1949ರಲ್ಲಿ, ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಈ ಬೇರನ್ನು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು ನೋಡಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬರೆದಿದ್ದರು. ಅಂದರೆ ಹಳೆಯ ಹಕೀಮರು ಸುಳ್ಳು ಹೇಳಿರಲಿಲ್ಲ. ಆದರೆ ರೆಸರ್ಪೀನ್ ಪ್ರಮಾಣ ಹೆಚ್ಚಾದರೆ ಬಿ.ಪಿ. ವಿಪರೀತ ಇಳಿಯಬಹುದು, ಮನಸ್ಸು ಖಿನ್ನತೆಗೆ ಜಾರಬಹುದು ಎಂಬುದೂ ತಿಳಿಯಿತು. ಔಷಧಿ ನಿಜ, ಅಪಾಯವೂ ನಿಜ. ಎರಡನ್ನೂ ತೋರಿಸಿದ್ದು ಪರೀಕ್ಷೆ.

ಸಿದ್ದೀಖಿಯವರು ಬೇವನ್ನೂ ಬಿಡಲಿಲ್ಲ. 1942ರಲ್ಲಿ ಬೇವಿನ ಎಣ್ಣೆಯಿಂದ ಮೂರು ಕಹಿ ವಸ್ತುಗಳನ್ನು ಬೇರ್ಪಡಿಸಿ ನಿಂಬಿನ್, ನಿಂಬಿನಿನ್, ನಿಂಬಿಡಿನ್ ಎಂದು ಹೆಸರಿಟ್ಟರು. ಆ ಲೇಖನ ಅಚ್ಚಾದದ್ದು ನಮ್ಮ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ದೇಶ ವಿಭಜನೆಯಾದ ಮೇಲೆ 1951ರಲ್ಲಿ ಅವರು ಪಾಕಿಸ್ತಾನಕ್ಕೆ ಹೋದರು. ಬೇವು ಮಾತ್ರ ಎರಡೂ ಕಡೆ ಒಂದೇ ಕಹಿ.

ಬೇವಿನ ಮಾತು ಬಂದಾಗ ಆಪಾಳ ಪ್ರಾಜೆಕ್ಟ್ ಹೇಳಲೇಬೇಕು. ರಜೆಯಲ್ಲಿ ಅವಳ ಕಾಲೇಜಿಗೆ ಹೋಗಿದ್ದೆ. ಬೇವಿನ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲ್‌ನಲ್ಲಿ ನೆನೆಸಿ ಸೋಸಿದ್ದಳು. ಸಾರದ ಒಂದು ಪಾಲಿಗೆ ಫೆರಿಕ್ ಕ್ಲೋರೈಡ್ ಹನಿ ಹಾಕಿದಾಗ ಬಣ್ಣ ಕಪ್ಪಗಾಯಿತು, ಅಂದರೆ ಟ್ಯಾನಿನ್‌ನಂಥ ವಸ್ತುಗಳಿವೆ. ನಂತರ ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಜೆಲ್ಲಿಯ ಮೇಲೆ ಬ್ಯಾಕ್ಟೀರಿಯಾ ಹರಡಿ ಸಣ್ಣ ಕುಳಿಗಳನ್ನು ಕೊರೆದಳು. ಒಂದು ಕುಳಿಗೆ ಬೇವಿನ ಸಾರ, ಇನ್ನೊಂದಕ್ಕೆ ಅಂಗಡಿಯ ಆಂಟಿಬಯಾಟಿಕ್, ಮತ್ತೊಂದಕ್ಕೆ ಬರೀ ಆಲ್ಕೋಹಾಲ್ ಹಾಕಿದಳು. ಬರೀ ಆಲ್ಕೋಹಾಲ್ ಯಾಕೆ ಎಂದು ಕೇಳಿದೆ. ಬ್ಯಾಕ್ಟೀರಿಯಾ ಸತ್ತದ್ದು ಬೇವಿನಿಂದಲೋ ಆಲ್ಕೋಹಾಲಿನಿಂದಲೋ ಎಂದು ಗೊತ್ತಾಗಬೇಕಲ್ಲ ಎಂದಳು. ನನಗೆ ಥಟ್ಟನೆ ನಮ್ಮ ಅಕೌಂಟೆನ್ಸಿ ನೆನಪಾಯಿತು. ಡೆಬಿಟ್ ಎದುರು ಕ್ರೆಡಿಟ್ ಇಟ್ಟು ನೋಡದೆ ಲೆಕ್ಕ ಸರಿ ಎನ್ನುವಂತಿಲ್ಲ.

37 ಡಿಗ್ರಿ ಶಾಖದಲ್ಲಿ 24 ಗಂಟೆ ಇಟ್ಟು ತೆಗೆದಾಗ, ಸ್ಟೆಫೈಲೋಕಾಕಸ್ ತಟ್ಟೆಯಲ್ಲಿ ಬೇವಿನ ಕುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಒಂದು ತಿಳಿ ವೃತ್ತ ಕಂಡಿತು. ಆಪಾ ಸ್ಕೇಲ್ ಇಟ್ಟು ಮಿಲಿಮೀಟರ್‌ನಲ್ಲಿ ಅಳೆದಳು. ಆಂಟಿಬಯಾಟಿಕ್‌ನ ವೃತ್ತ ಅದಕ್ಕಿಂತ ಎಷ್ಟೋ ದೊಡ್ಡದಿತ್ತು. ಇ. ಕೋಲೈ ತಟ್ಟೆಯಲ್ಲಿ ಬೇವಿನ ಸುತ್ತ ಏನೂ ಕಾಣಲಿಲ್ಲ. ನನಗೆ ಸ್ವಲ್ಪ ಬೇಜಾರಾಯಿತು. ಆಪಾ ಎರಡನ್ನೂ ಒಂದೇ ಅಕ್ಷರದಲ್ಲಿ ಪುಸ್ತಕದಲ್ಲಿ ಬರೆದಳು. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತರೆ ಮನುಷ್ಯನ ರೋಗ ವಾಸಿಯಾಯಿತು ಎಂದಲ್ಲ, ಇದು ಮೊದಲ ಮೆಟ್ಟಿಲು ಮಾತ್ರ ಎಂದೂ ಹೇಳಿದಳು.

ನಮ್ಮ ಊರುಗಳಿಗೂ ಈ ಕಥೆಗೂ ನಂಟಿದೆ ಎಂದು ನನಗೆ ಅನ್ನಿಸುತ್ತದೆ. ನಂಜನಗೂಡಿನ ದೇವರಿಗೆ ಹಕೀಮ್ ನಂಜುಂಡ ಎಂಬ ಹೆಸರು ಇರುವುದು ನಿಮಗೆಲ್ಲ ಗೊತ್ತು. ಟಿಪ್ಪು ಸುಲ್ತಾನರ ಆನೆಗೆ ಇಲ್ಲಿ ಕಣ್ಣು ಬಂತೆಂದೂ, ಅದಕ್ಕೆ ಸುಲ್ತಾನರು ಹಸಿರು ಕಲ್ಲಿನ ಲಿಂಗ ಅರ್ಪಿಸಿ ಹಕೀಮ್ ಎಂದು ಕರೆದರೆಂದೂ ಹಿರಿಯರು ಹೇಳುತ್ತಾರೆ. ಇದೇ ಊರಿನಲ್ಲಿ 1913ರಲ್ಲಿ ಬಿ. ವಿ. ಪಂಡಿತರು ಸದ್ವೈದ್ಯಶಾಲೆ ಆರಂಭಿಸಿದರು. ನಂಜನಗೂಡು ಹಲ್ಲುಪುಡಿ ನಮ್ಮ ದಾದಿಯ ಬಚ್ಚಲಲ್ಲೂ ಇತ್ತು. ದೆಹಲಿಯಲ್ಲಿ ಹಕೀಮರು ಕಾಲೇಜಿಗೆ ಹಣ ಕೂಡಿಸುತ್ತಿದ್ದ ದಿನಗಳಲ್ಲೇ ಕಪಿಲಾ ತೀರದಲ್ಲೂ ಒಬ್ಬರು ಇದೇ ದಾರಿಯಲ್ಲಿ ಹೊರಟಿದ್ದರು.

ದಾದಾನ ಊರಿನಲ್ಲಿ ಗುಂಜಾ ನರಸಿಂಹಸ್ವಾಮಿ ದೇವಸ್ಥಾನವಿದೆ. ಅಲ್ಲಿನ ದೇವರ ಕೈಯಲ್ಲಿ ಗುಲಗಂಜಿ ಇದೆ, ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಊರವರು ಹೇಳುತ್ತಾರೆ. ಗುಲಗಂಜಿ ಹಳೆಯ ಔಷಧಿ ಗಿಡ. ಆದರೆ ಅದರ ಬೀಜದೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಅದೇ ಬೀಜದಿಂದ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದರು. ನಮ್ಮ ಉರ್ದುವಿನಲ್ಲಿ ಅದೇ ರತ್ತಿ. ಎಂಟು ರತ್ತಿಗೆ ಒಂದು ಮಾಶಾ, ಹನ್ನೆರಡು ಮಾಶಾಕ್ಕೆ ಒಂದು ತೊಲಾ. ಹಳೆಯ ಹಕೀಮರು ಚೀಟಿ ಬರೆಯುತ್ತಿದ್ದುದು ಈ ಅಳತೆಯಲ್ಲೇ. ಅಂದರೆ ನಿಜವಾದ ಹಕೀಮರು ಎಂದೂ ಚಮಚದ ಲೆಕ್ಕದಲ್ಲಿ ಔಷಧಿ ಕೊಟ್ಟವರಲ್ಲ. ತೂಗಿ ಕೊಟ್ಟವರು.

ಇದನ್ನೆಲ್ಲ ಒಂದು ಭಾನುವಾರ ಅಂಗಡಿಯಲ್ಲಿ ಕೂತು ದಾದಾಗೆ ಉರ್ದುವಿನಲ್ಲಿ ಹೇಳಿದೆ. ಮೊದಲು ಬೇಡ ಎಂಬಂತೆ ಮುಖ ತಿರುಗಿಸಿಕೊಂಡಿದ್ದರು. ಅಜ್ಮಲ್ ಖಾನರ ಹೆಸರು ಬಂದ ಕೂಡಲೇ ಇತ್ತ ತಿರುಗಿದರು. ಅವರ ಅಬ್ಬಾ ಆ ಹೆಸರು ಹೇಳುತ್ತಿದ್ದರಂತೆ. ಅಷ್ಟು ದೊಡ್ಡ ಹಕೀಮರೇ ಬೇರನ್ನು ಲ್ಯಾಬಿಗೆ ಕಳಿಸಲು ಏರ್ಪಾಡು ಮಾಡಿದ್ದರು ಎಂದಾಗ ಬಹಳ ಹೊತ್ತು ಮಾತಾಡಲಿಲ್ಲ. ನೀವು ದಿನವಿಡೀ ತಕ್ಕಡಿ ಹಿಡಿಯುವವರು, ಒಂದು ಕಿಲೋ ಸಕ್ಕರೆಯನ್ನೂ ತೂಗದೆ ಕೊಡುವುದಿಲ್ಲ, ನಿಮ್ಮ ಹೊಟ್ಟೆಗೆ ಹಾಕುವುದನ್ನು ತೂಗಬಾರದೇ ಎಂದು ಕೇಳಿದೆ. ಅದಕ್ಕೂ ಉತ್ತರ ಕೊಡಲಿಲ್ಲ. ಆದರೆ ಮುಂದಿನ ಬಾರಿ ಡಾಕ್ಟರ್ ಬಳಿ ಹೋದಾಗ, ಉಳಿದಿದ್ದ ಪುಡಿಯ ಪೊಟ್ಟಣವನ್ನು ತಾವೇ ಜೇಬಿನಿಂದ ತೆಗೆದು ಮೇಜಿನ ಮೇಲೆ ಇಟ್ಟರಂತೆ. ಮಾತ್ರೆ ಈಗ ಬಿಡದೆ ನುಂಗುತ್ತಾರೆ. ಯುನಾನಿ ಔಷಧಿ ಬೇಕೇ ಬೇಕೆಂದರೆ ಓದಿದ, ನೋಂದಾಯಿತ ಯುನಾನಿ ಡಾಕ್ಟರನ್ನೇ ಕೇಳೋಣ ಎಂದು ಒಪ್ಪಿಕೊಂಡಿದ್ದಾರೆ. ಬೆಂಗಳೂರಿನಲ್ಲಿ 1984ರಿಂದ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯೇ ಇದೆ.

ಸ್ನೇಹಿತರೇ, ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರು ಹೇಳುವ ಬೇರು ಸೊಪ್ಪುಗಳನ್ನು ಕಂಡು ನಗಬೇಡಿ. ಕಣ್ಣು ಮುಚ್ಚಿ ನುಂಗಲೂ ಬೇಡಿ. ಹಕೀಮ್ ಅಜ್ಮಲ್ ಖಾನ್ ತಮ್ಮ ಪೂರ್ವಜರ ವಿದ್ಯೆಯನ್ನು ನಮ್ಮೆಲ್ಲರಿಗಿಂತ ಹೆಚ್ಚು ಪ್ರೀತಿಸಿದವರು. ಪ್ರೀತಿಸಿದ್ದರಿಂದಲೇ ಅದನ್ನು ಪರೀಕ್ಷೆಗೆ ಕೂರಿಸಿದರು. ನಾವೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಕೂರುತ್ತೇವೆ. ನಮ್ಮ ಮೇಲೆ ನಂಬಿಕೆ ಇಲ್ಲ ಎಂದು ಯಾರೂ ನಮ್ಮನ್ನು ಪರೀಕ್ಷೆಗೆ ಕೂರಿಸುವುದಿಲ್ಲ, ಅಲ್ಲವೇ?